ತೊಳೆದ ತೆರೆ

ಮೇಷ್ಟ್ರು ಹೋದ ಸುದ್ದಿ ಬಂದಾಗ ನಾನು ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದೆ. ಫೋನು ಮಾಡಿದವಳು ನಮ್ಮ ಹಳೇ ಸ್ಕೂಲಿನ ಅಡಿಗೆಯ ಮುನಿಯಮ್ಮ. "ಟೀಚರಮ್ಮ, ನಮ್ ಕೂತ್ತು ಆಡೋ ಮೇಷ್ಟ್ರು ಹೋಗ್ಬುಟ್ರಂತೆ. ಬೆಳಿಗ್ಗೆ ಕಾಪಿ ಕುಡ್ದವ್ರೆ, ಲೋಟ ಕೆಳಗಿಟ್ಟವ್ರೆ, ಅಷ್ಟೇಯ" ಎಂದಳು. ಕೈಯ ಅಂಟು ಫೋನಿಗೂ ಮೆತ್ತಿತು. ಒರೆಸೋಣವೆಂದು ಎದ್ದವಳು ಒರೆಸದೆ ಒಳಗೆ ಹೋಗಿ ಬೀರು ತೆಗೆದೆ. ಕೆಳಗಿನ ಅರೆಯಲ್ಲಿ, ಕಂಬಳಿಗಳ ಅಡಿಯಲ್ಲಿ, ಒಂದು ಹಳೇ ಸೀರೆ ಮಡಿಸಿಟ್ಟಿದೆ. ಇದೆ ಎಂದು ಕೈಯಿಂದ ಮುಟ್ಟಿ ನೋಡಿ ಬಾಗಿಲು ಹಾಕಿದೆ. ಆ ಸೀರೆಯ ವಿಷಯವನ್ನು ಅವರಿಗೆ ಹೇಳಬೇಕಿತ್ತು. ಈ ಸಂಕ್ರಾಂತಿಗೆ ಹೇಳೋಣ, ಬರುವ ಯುಗಾದಿಗೆ ಹೇಳೋಣ ಎನ್ನುತ್ತಲೇ ಹನ್ನೆರಡು ವರ್ಷ ಕಳೆದುಬಿಟ್ಟಿದ್ದೆ.

ಗುಮ್ಮಳಾಪುರದ ಕಡೆಯ, ತಮಿಳುನಾಡಿಗೆ ಸೇರಿದ ಒಂದು ಹಳ್ಳಿ ಸ್ಕೂಲು ಅದು. ಕನ್ನಡ ಮೀಡಿಯಂ. ಐದು ಕ್ಲಾಸು, ಎರಡು ಕೋಣೆ, ಇಬ್ಬರು ಟೀಚರು. ಅವರು ಹೆಡ್‌ಮೇಷ್ಟ್ರು, ನಾನು ಅಸಿಸ್ಟೆಂಟು. ಹೊಸೂರಿನಿಂದ ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಟರೆ ಬೆಲ್ಲಿಗೆ ಮುಂಚೆ ಸೇರುತ್ತಿದ್ದೆ. ಅವರು ಅದೇ ಊರಿನವರು. ನಾನು ಹೋಗುವ ಹೊತ್ತಿಗೆ ಅಂಗಳಕ್ಕೆ ನೀರು ಚಿಮುಕಿಸಿ, ಪಂಚೆ ಎತ್ತಿ ಕಟ್ಟಿ, ಬೇವಿನ ಮರದ ಕೆಳಗೆ ನಿಂತಿರುತ್ತಿದ್ದರು. ಉದ್ದನೆಯ ಒಣಕಲು ಮೈ. ನಡೆಯುವಾಗ ಎಲ್ಲರ ಹಾಗೇ ನಡೆಯುವರು. ನಿಲ್ಲುವಾಗ ಮಾತ್ರ ಒಂದು ಹಿಮ್ಮಡಿ ಎತ್ತಿ, ಸೊಂಟವನ್ನು ಎಷ್ಟು ಬೇಕೋ ಅಷ್ಟೇ ತಿರುಗಿಸಿ ನಿಲ್ಲುವರು. ಹರೆಯದಲ್ಲಿ ಊರಿನ ಕೇಳಿಕೆಯಲ್ಲಿ ರಾಣಿ ಪಾರ್ಟು ಕಟ್ಟುತ್ತಿದ್ದರಂತೆ. ಕೇಳಿಕೆ ಎಂದರೆ ನಮ್ಮ ಸೀಮೆಯ ಬಯಲಾಟ. ತಮಿಳಿನವರು ತಮ್ಮ ಆಟಕ್ಕೆ ಕೂತ್ತು ಎನ್ನುತ್ತಾರೆ. ಹಾಗಾಗಿ ಮೀಟಿಂಗಿಗೆ ಹೋದರೆ ಬೇರೆ ಸ್ಕೂಲಿನವರು, "ವಾಂಗ ಕೂತ್ತು ವಾದ್ಯಾರೇ, ಬನ್ನಿ ಮೇಷ್ಟ್ರೇ, ಇವತ್ತು ಯಾವ ವೇಷ?" ಎಂದು ರೇಗಿಸುತ್ತಿದ್ದರು. "ಇವತ್ತು ಹೆಡ್‌ಮೇಷ್ಟ್ರ ವೇಷ. ಇದೊಂದೇ ನಂಗೆ ಸರಿಯಾಗಿ ಕೂರಾಕಿಲ್ಲ" ಎನ್ನುವರು ಇವರು.

ಅವರ ಹಾಜರಿಯೇ ಒಂದು ಆಟ. ಕೇಳಿಕೆಯಲ್ಲಿ ಪಾತ್ರ ಸುಮ್ಮನೆ ಬಂದು ನಿಲ್ಲುವುದಿಲ್ಲ. ಇಬ್ಬರು ಒಂದು ಬಟ್ಟೆಯನ್ನು ಅಡ್ಡ ಹಿಡಿಯುತ್ತಾರೆ. ಅದೇ ತೆರೆ. ಅದರ ಹಿಂದೆ ಪಾತ್ರ ಹೆಜ್ಜೆ ಹಾಕುತ್ತದೆ. ಈಚೆಯಿಂದ ಆಟ ನಡೆಸುವ ಸಾರಥಿ, "ಬಂದಂಥವರು ದಾರು?" ಎಂದು ಕೇಳುತ್ತಾನೆ. ಪಾತ್ರ ತಾನು ಯಾರು, ಯಾವೂರು, ಬಂದ ಕಾರಣವೇನು ಎಂದು ಹೇಳಿಕೊಂಡ ಮೇಲೆ ತೆರೆ ಇಳಿಯುತ್ತದೆ. ಮೇಷ್ಟ್ರು ಇದನ್ನೇ ಕ್ಲಾಸಿಗೆ ತಂದಿದ್ದರು. ಹೆಂಡತಿಯ ಒಂದು ಹಳೇ ಸೀರೆ, ಇಟ್ಟಿಗೆ ಬಣ್ಣದ್ದು, ಹಸಿರು ಅಂಚಿನದು, ಉಟ್ಟು ಉಟ್ಟು ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿತ್ತು. ಇಬ್ಬರು ಮಕ್ಕಳು ಹಿಡಿಯುವರು. ಉಳಿದವರು ಒಬ್ಬೊಬ್ಬರಾಗಿ ಹಿಂದೆ ಹೋಗಿ ತಮ್ಮ ತಮ್ಮ ಹೆಜ್ಜೆ ಕುಟ್ಟುವರು. ಒಬ್ಬೊಬ್ಬರಿಗೂ ಬೇರೆ ಹೆಜ್ಜೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, "ಬಂದಂಥವರು ದಾರು?" ಎಂದು ಕೇಳುವರು. "ನಾವು ಮಾವಿನ ತೋಪಿನ ಕಡೆಯಿಂದ ಬಂದಂಥವರು, ರಾತ್ರಿ ಜ್ವರ ಬಂದು ಹೋಂವರ್ಕು ಮಾಡದಂಥವರು!" ಎಂದು ಒಂದು ದನಿ. "ಭಲೆ, ಜ್ವರಕ್ಕೂ ಒಂದು ಹೆಜ್ಜೆ ಹಾಕು" ಎನ್ನುವರು ಮೇಷ್ಟ್ರು. ಸಂಜೆ ಬೆಲ್ಲಾದ ಮೇಲೆ ಇಬ್ಬರು ಎದುರುಬದುರು ನಿಂತು, ಮೂಲೆಗೆ ಮೂಲೆ ಸೇರಿಸಿ, ಹತ್ತಿರ ಹತ್ತಿರ ಬಂದು ಸೀರೆ ಮಡಿಸಿ ಅವರ ಕೈಗೆ ಕೊಡಬೇಕು. ಅದೂ ಪಾಠವೇ.

ಮಗ್ಗಿಯನ್ನೂ ಕಾಲಲ್ಲೇ ಕಲಿಸುತ್ತಿದ್ದರು. ಏಳರ ಮಗ್ಗಿಗೆ ಒಂದು ನಡೆ, ಎಂಟಕ್ಕೆ ಇನ್ನೊಂದು. ಒಬ್ಬ ತಾಯಿ ಬಂದು, "ಏನ್ ಮೇಷ್ಟ್ರೇ, ಮಗ್ಗಿ ಕೇಳುದ್ರೆ ನನ್ ಮಗ ಸಾರ್ಸಿದ್ ಅಂಗಳನೆಲ್ಲ ಅಗ್ದು ಹಾಕ್ತಾನೆ" ಎಂದು ಜಗಳ ತೆಗೆದಳು. "ತಪ್ಪಿಲ್ದೆ ಅಗೀತಾನೋ ಇಲ್ವೋ ಹೇಳಮ್ಮ" ಎಂದರು. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ತಪ್ಪಿಲ್ಲ" ಎಂದು ಒಪ್ಪಿಕೊಂಡು ಹೋದಳು.

ನನಗೆ ಇದೆಲ್ಲ ಅಷ್ಟಾಗಿ ಹಿಡಿಸುತ್ತಿರಲಿಲ್ಲ ಎಂದು ಈಗಲಾದರೂ ಬರೆಯಬೇಕು. ನನ್ನ ಕೋಣೆಗೂ ಅವರ ಕೋಣೆಗೂ ನಡುವೆ ಇದ್ದದ್ದು ಒಂದು ಮರದ ತಟ್ಟಿ. ಆಚೆ ಹೆಜ್ಜೆ ಬಿದ್ದರೆ ಈಚೆ ನನ್ನ ಮೇಜಿನ ಮೇಲೆ ಧೂಳು ಕೂರುತ್ತಿತ್ತು. ನಾನು ನೋಟುಬುಕ್ಕಿನ ಮಾರ್ಜಿನ್ ಅಳೆದು ನೋಡುವವಳು. ಒಂದು ಒದ್ದೆ ಬಟ್ಟೆ ಯಾವಾಗಲೂ ಕೈಯಲ್ಲೇ. "ಟೀಚರ್, ನೀವು ಒರೆಸ್ತಾ ಇರಿ, ನಾವ್ ಎಬ್ಬಿಸ್ತಾ ಇರ್ತೀವಿ" ಎಂದು ತಟ್ಟಿಯ ಮೇಲಿಂದ ತಲೆ ತೂರಿಸಿ ನಗುವರು.

ಒಂದು ಸಲ ಕೃಷ್ಣಗಿರಿಯಲ್ಲಿ ಟ್ರೈನಿಂಗು. ಪಾಠ ಹೇಳಲು ಬಂದ ಮೇಡಂ ಗೋಡೆಯ ಮೇಲೆ ಮೆದುಳಿನ ದೊಡ್ಡ ಚಿತ್ರ ಬಿಟ್ಟು, ಎಡ ಭಾಗ ಲೆಕ್ಕಕ್ಕೆ, ಬಲ ಭಾಗ ಹಾಡಿಗೆ ಎಂದು ತಮಿಳಿನಲ್ಲಿ ವಿವರಿಸುತ್ತಿದ್ದರು. ನಮ್ಮ ಮೇಷ್ಟ್ರು ಎದ್ದು ನಿಂತರು. "ಮೇಡಂ, ಕಾಲು ಯಾವ ಕಡೆ?" ಹಾಲಿಗೆ ಹಾಲೇ ನಕ್ಕಿತು. "ಉಕ್ಕಾರುಂಗ ಸಾರ್" ಎಂದು ಪಕ್ಕದವರು ಅವರ ಅಂಗಿ ಎಳೆದು ಕೂರಿಸಿದರು. ಆ ಮೇಡಂ ಮಾತ್ರ ನಗಲಿಲ್ಲ. ಹೀಗೆ ಎರಡಾಗಿ ಸೀಳಿ ತೋರಿಸುವುದು ಚಿತ್ರದಲ್ಲಿ ಮಾತ್ರ, ತಲೆಯೊಳಗೆ ಯಾವುದೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಕಾಲು ಕುಣಿದರೂ ಎಲ್ಲ ಕಡೆಗೂ ಸುದ್ದಿ ಹೋಗುತ್ತದೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರ ಸಂಭ್ರಮ ನೋಡಬೇಕಿತ್ತು. "ನೋಡುದ್ರಾ ಟೀಚರ್, ಆಯಮ್ಮ ನಮ್ ಕಡೆ! ಮಗು ಸ್ಕೂಲ್ ಬಾಗ್ಲಿಗೆ ಬರೋವಾಗ ಪೂರ್ತಿ ಬತ್ತದೆ. ನಾವು, ಕಾಲು ಹೊರಗ್ ಬುಡು, ಕೈ ಹೊರಗ್ ಬುಡು, ತಲೆ ಒಂದ್ ತಕ್ಕೊಂಡ್ ಒಳಗ್ ಬಾ ಅಂತೀವಿ. ಚಪ್ಲಿ ಬುಟ್ಟಂಗೆ."

ಯಶೋದ ಬಂದದ್ದು ಆ ವರ್ಷವೇ. ಎಂಟು ವರ್ಷದ ಹುಡುಗಿ. ಅಪ್ಪ ಜೂಜುವಾಡಿಯಲ್ಲಿ ಫ್ಯಾಕ್ಟರಿ ಕೆಲಸ, ಅವ್ವ ಅತ್ತಿಬೆಲೆಯಲ್ಲಿ ಗಾರ್ಮೆಂಟ್ಸು. ಮನೆಯಲ್ಲಿ ತೆಲುಗು, ಅಲ್ಲಿ ಸೇರಿಸಿದ್ದ ಸ್ಕೂಲಿನಲ್ಲಿ ತಮಿಳು. ಬಾಯಿ ಬಿಟ್ಟರೆ ತಪ್ಪು ಭಾಷೆ ಬರುತ್ತಿತ್ತು, ಪಕ್ಕದವರು ನಗುತ್ತಿದ್ದರು. ಆ ನಗೆ ಕೇಳಿ ಕೇಳಿ ಹುಡುಗಿ ಬಾಯನ್ನೇ ಮುಚ್ಚಿಕೊಂಡಿತು. ಮೊದಲು ಸ್ಕೂಲಿನಲ್ಲಿ, ಆಮೇಲೆ ಮನೆಯಲ್ಲೂ. ಸ್ಕೂಲಿನ ಊರಲ್ಲೇ ಇದ್ದ ತಾಯಿಯ ತಾಯಿ ಕರೆತಂದು ನಮ್ಮಲ್ಲಿ ಸೇರಿಸಿದಳು. "ಮೂಗಿಯಲ್ಲ ಸಾಮಿ. ಕೋಳಿಗಳ ತಾವ ಮಾತಾಡ್ತದೆ. ನಾನೇ ಕದ್ದು ಕೇಳಿವ್ನಿ. ನಮ್ ತಾವ ಇಲ್ಲ. ಕೋಳಿಗೇನು, ಅವು ನಗಾಕಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೇಷ್ಟ್ರು ಆ ಹುಡುಗಿಯನ್ನು ಮಾತಾಡು ಎಂದು ಒಂದು ದಿನವೂ ಕೇಳಲಿಲ್ಲ. ತೆರೆಯ ಒಂದು ತುದಿ ಹಿಡಿಯಲು ಕೊಟ್ಟರು. ಎರಡು ತಿಂಗಳು ಅದು ತೆರೆ ಹಿಡಿಯಿತು, ಮಧ್ಯಾಹ್ನ ಸ್ಕೂಲಿನ ಮೊಟ್ಟೆ ತಿಂದಿತು, ಸಂಜೆ ತೆರೆ ಮಡಿಸಿ ಮನೆಗೆ ಹೋಯಿತು. ಆಮೇಲೆ ಒಂದು ದಿನ ತುದಿಯನ್ನು ಪಕ್ಕದವಳ ಕೈಗೆ ಕೊಟ್ಟು ತಾನೇ ಹಿಂದೆ ಹೋಯಿತು. ಎರಡು ಹೆಜ್ಜೆ, ಆಮೇಲೆ ಅರ್ಧ. ಟಕ್ ಟಕ್, ಟ. "ಬಂದಂಥವರು ದಾರು?" ಉತ್ತರವಿಲ್ಲ. "ಯಾರೋ ಬಂದವ್ರೆ. ಹೆಜ್ಜೆ ಕೇಳಿಸ್ತು. ಹಾಜರಿ" ಎಂದು ಬರೆದುಕೊಂಡರು. ಹೀಗೆ ಎಷ್ಟೋ ದಿನ. ಒಂದು ಬೆಳಿಗ್ಗೆ ತಟ್ಟಿಯ ಈಚೆ ನಾನು ಬೋರ್ಡು ಒರೆಸುತ್ತಿದ್ದಾಗ, ಆಚೆಯಿಂದ ಹಿಂದೆಂದೂ ಕೇಳದ ಒಂದು ದನಿ ಬಂತು. ತುಕ್ಕು ಹಿಡಿದ ಚಿಲಕ ತೆಗೆದ ಹಾಗೆ. "ನಾನು... ಯಶೋದ. ಏಳು ಕೋಳಿ... ಕಾಯೋಳು." ನನ್ನ ಕೈ ಬೋರ್ಡಿನ ಮೇಲೇ ನಿಂತಿತು. ಆಚೆ ಕೋಣೆಯಲ್ಲಿ ಒಂದು ಮಗುವೂ ನಗಲಿಲ್ಲ. ಮೇಷ್ಟ್ರು ಎಂದಿನ ದನಿಯಲ್ಲೇ, "ಕೋಳಿಗಳು ಕ್ಷೇಮವೇ?" ಎಂದರು. "ಒಂದ್ ಕುಂಟ್ತದೆ" ಎಂದಿತು ತೆರೆ.

ಅಲ್ಲಿಂದ ದಿನವೂ ಮಾತು. ತೆರೆಯ ಹಿಂದೆ ಮಾತ್ರ. ಈಚೆ ಬಂದರೆ ತುಟಿ ಹೊಲಿದ ಹಾಗೆ. "ಅವಸರ ಬ್ಯಾಡ ಟೀಚರ್" ಎನ್ನುವರು ಮೇಷ್ಟ್ರು. "ತೆರೆ ಅಂದ್ರೆ ಒಳಗಿಂದ ನಮಗೆ ಲೋಕ ಕಾಣ್ಬೇಕು, ಲೋಕಕ್ಕೆ ನಾವ್ ಕಾಣ್ಬಾರ್ದು. ನಾನೂ ಮೊದಲ್ನೇ ಸಲ ಸೀರೆ ಉಟ್ಟು ನಿಂತಾಗ ಅದ್ರೊಳಗಿಂದ ಜನಾನ ನೋಡ್ಕಂಡೇ ಧೈರ್ಯ ತಕ್ಕಂಡಿದ್ದು." ನಾನು ಹೂಂ ಎಂದೆ. ಆ ಮಾತನ್ನು ಕೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಹುಡುಗಿಯ ಅಪ್ಪನಿಗೆ ಯಾರೋ ಕೃಷ್ಣಗಿರಿಯಲ್ಲಿ ಮಾತು ಬಾರದ ಮಕ್ಕಳ ಹಾಸ್ಟೆಲ್ ಸ್ಕೂಲಿದೆ, ಊಟ ವಸತಿ ಎಲ್ಲ ಅವರದೇ ಎಂದಿದ್ದರು. ಅರ್ಜಿ ಹಿಡಿದುಕೊಂಡು ಬಂದ. ಮಗುವಿಗೆ ಮಾತಿಲ್ಲ ಎಂದು ಹೆಡ್‌ಮೇಷ್ಟ್ರ ಸೈನು ಬೇಕು. ಇವರು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. "ಮಾತಿದೆ ಕಣಪ್ಪ. ನಾನ್ ಸುಳ್ಳು ಬರೆಯಾಕಾಯ್ತದಾ?"

"ಸಾರ್, ನಂಗೆ ಒಂದ್ ದಿನಾನೂ ಕೇಳಿಸಿಲ್ವಲ್ಲ ಸಾರ್. ಎರಡು ವರ್ಷ ಆಯ್ತು ಅದ್ರ ಬಾಯಲ್ಲಿ ಅಪ್ಪಾ ಅಂತ ಕೇಳಿ."

"ಯಾವತ್ತು ಲೀವು ನಿಂಗೆ?"

"ವೆಳ್ಳಿಕೆಳಮೆ. ಶುಕ್ರವಾರ."

"ಬಾ. ಕೂತು ಕೇಳು. ಕೇಳಿಸ್ಲಿಲ್ಲ ಅಂದ್ರೆ ಅಲ್ಲೇ ಸೈನ್ ಹಾಕ್ಕೊಡ್ತೀನಿ."

ಗುರುವಾರ ಸಂಜೆ ಮಕ್ಕಳು ಸೀರೆ ಮಡಿಸಿ ಬೆಂಚಿನ ಮೇಲಿಟ್ಟು ಹೋದರು. ಮೇಷ್ಟ್ರು ಅಂಗನವಾಡಿಯ ಕಡೆ ಹೋಗಿದ್ದರು. ನಾನು ಅದನ್ನು ಎತ್ತಿ ನೋಡಿದೆ. ಒಂದು ಕಡೆ ಇಂಕು, ಒಂದು ಕಡೆ ಸಾಂಬಾರು, ಅಂಚಿನ ತುಂಬ ಮಕ್ಕಳು ಮೂಗೊರೆಸಿದ ಗುರುತು. ಬೆವರಿನ ವಾಸನೆ. ನಾಳೆ ಹೊರಗಿನವರು ಬರುತ್ತಾರೆ, ನೋಡಿದರೆ ಏನೆಂದಾರು ಎನ್ನಿಸಿತು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಬ್ಯಾಗಿಗೆ ಹಾಕಿಕೊಂಡು ಹೊಸೂರಿಗೆ ತಂದೆ. ಬಿಸಿನೀರಿನಲ್ಲಿ ನೆನೆಸಿದೆ, ಸೋಪು ಹಚ್ಚಿ ತಿಕ್ಕಿದೆ, ಮೂರು ನೀರು ತೆಗೆದೆ. ರಾತ್ರಿ ತುಂತುರು ಬಂತು. ಬೆಳಿಗ್ಗೆ ಏಳು ಗಂಟೆಗೂ ಸೀರೆ ಹಸಿಯೇ. ಅದಕ್ಕೇನು ಎಂದು ಬೀರುವಿನಿಂದ ಇನ್ನೂ ಮಡಿಕೆ ಬಿಚ್ಚದ ಒಂದು ಹೊಸ ಬೆಡ್‌ಶೀಟು ತೆಗೆದುಕೊಂಡು ಬಸ್ಸು ಹತ್ತಿದೆ. ನೀಲಿ ಬಣ್ಣದ್ದು, ಒಳ್ಳೇ ದಪ್ಪದ್ದು. ದಾರಿಯುದ್ದಕ್ಕೂ, ಮೇಷ್ಟ್ರು ಮೆಚ್ಚುತ್ತಾರೆ ಎಂದುಕೊಂಡೇ ಕೂತಿದ್ದೆ.

ಅವರು ಶೀಟನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿದರು. "ನಮ್ದು?"

"ತೊಳೆದು ಹಾಕಿದೀನಿ ಸಾರ್, ಒಣಗ್ಲಿಲ್ಲ. ಇದು ಹೊಸದು."

ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ. ಜೊತೆಗೆ ಅಜ್ಜಿ.

ಮಕ್ಕಳು ಶೀಟು ಹಿಡಿದರು. ಯಶೋದ ಹಿಂದೆ ಹೋದಳು. "ಬಂದಂಥವರು ದಾರು?" ಹೆಜ್ಜೆಯೂ ಬರಲಿಲ್ಲ. ಮೇಷ್ಟ್ರು ಮತ್ತೊಮ್ಮೆ ಕೇಳಿದರು. ಮೂರನೇ ಸಲ ಮೆಲ್ಲಗೆ, "ಕೋಳಿಗಳು ಕ್ಷೇಮವೇ?" ಎಂದರು. ನೀಲಿ ಬಟ್ಟೆ ಗೋಡೆಯ ಹಾಗೆ ನಿಂತೇ ಇತ್ತು. ಹಿಡಿದಿದ್ದ ಮಕ್ಕಳ ಕೈ ನೋಯಲು ಶುರುವಾಗಿ ಬಟ್ಟೆ ತಾನಾಗಿ ಇಳಿಯಿತು. ಹುಡುಗಿ ಕತ್ತಲೆಯಿಂದ ಬಂದವಳ ಹಾಗೆ ಕಣ್ಣು ಕಿರಿದು ಮಾಡಿಕೊಂಡು, ಎರಡು ಕೈಯನ್ನೂ ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು.

ಅಪ್ಪ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು. "ನೀವೇ ಹೇಳುದ್ರಿ ಸಾರ್" ಎಂದಷ್ಟೇ ಹೇಳಿ ಅರ್ಜಿಯನ್ನು ಮೇಜಿನ ಮೇಲೆ ಇಟ್ಟ. ಮೇಷ್ಟ್ರು ಮಾತು ಕೊಟ್ಟವರು. ಸೈನು ಹಾಕಿದರು. ಅವರ ಹೆಸರಿನ ಕೊನೆಯಲ್ಲಿ ಯಾವಾಗಲೂ ಎಳೆಯುತ್ತಿದ್ದ ಉದ್ದದ ಗೆರೆ ಆ ದಿನ ಇರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನನ್ನದು ತಿಳಿಯದೆ ಆದ ತಪ್ಪು ಎನ್ನಬಹುದಿತ್ತು. ಸೋಮವಾರ ನಾನು ಬಸ್ಸಿಳಿಯುವುದನ್ನೇ ಕಾಯುತ್ತ ಅವರು ರಸ್ತೆಗೆ ಬಂದು ನಿಂತಿದ್ದರು. "ಟೀಚರ್, ಸೀರೆ ತಂದ್ರಾ? ಮಗು ಬುಧವಾರ ಹೋಯ್ತದೆ. ಅವ್ರ ಅಜ್ಜಿ ಮನೆ ಅಂಗಳದಲ್ಲೇ ಒಂದ್ಸಲ ಹಿಡಿಯಾನ. ಅಪ್ಪ ಇಲ್ದಿದ್ರೂ ಆಯ್ತದೆ, ಫೋನಲ್ಲಿ ಕೇಳಿಸಾನ."

ಸೀರೆ ನನ್ನ ಬ್ಯಾಗಿನಲ್ಲೇ ಇತ್ತು. ಒಗೆದು, ಇಸ್ತ್ರಿ ಮಾಡಿ ತಂದಿದ್ದೆ. ಆ ಹಳೇ ಸೀರೆಯ ಹಿಂದೆ ಹುಡುಗಿ ಮಾತಾಡಿಬಿಟ್ಟರೆ, ಶುಕ್ರವಾರ ಅವಳ ಬಾಯಿ ಕಟ್ಟಿದ್ದು ನನ್ನ ಬೆಡ್‌ಶೀಟು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಇದನ್ನು ಹೀಗೆ ಬಿಡಿಸಿ ಯೋಚಿಸಿದೆನೆಂದಲ್ಲ. ಬಾಯಿ ಮೊದಲೇ ಹೇಳಿಬಿಟ್ಟಿತ್ತು: "ಸೀರೆ ತೊಳೆಯೋವಾಗ ಹರಿದೋಯ್ತು ಸಾರ್. ಬಿಸಾಕ್ಬಿಟ್ಟೆ."

ಅವರು ನನ್ನ ಮುಖವನ್ನು ನೋಡಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು. "ಹೋಗ್ಲಿ ಬುಡಿ. ಹಳೇದು" ಎಂದರು. ಮಧ್ಯಾಹ್ನ ಬರಿಗೈಯಲ್ಲೇ ಅಜ್ಜಿಯ ಮನೆಗೆ ಹೋಗಿ ಬಂದರು. ಹುಡುಗಿ ಕೋಳಿಗೂಡಿನ ಹಿಂದೆ ಕೂತು ಈಚೆ ಬರಲಿಲ್ಲವಂತೆ. ಬುಧವಾರ ಬೆಳಿಗ್ಗೆ ಹೊಸ ಟ್ರಂಕಿನ ಜೊತೆ ಅವಳನ್ನು ಬಸ್ಸು ಹತ್ತಿಸಿದರು.

ಆ ಸ್ಕೂಲಿನಲ್ಲಿ ಅವಳನ್ನು ಚೆನ್ನಾಗಿಯೇ ನೋಡಿಕೊಂಡರು ಎಂದು ಕೇಳಿದೆ. ಕೈಮಾತು ಕಲಿತಳು, ಹತ್ತನೇ ಕ್ಲಾಸು ಪಾಸು ಮಾಡಿದಳು. ಆದರೆ ಬಾಯಿಯ ಮಾತು ಬಂತೆಂದು ಯಾರೂ ಹೇಳಲಿಲ್ಲ.

ನಮ್ಮ ಮೇಷ್ಟ್ರು ಆ ವಾರದಿಂದ ನಂಬರು ಕರೆದು ಹಾಜರಿ ಹಾಕತೊಡಗಿದರು. ಒಂದು, ಎಸ್ ಸಾರ್. ಎರಡು, ಎಸ್ ಸಾರ್. ನನ್ನ ಮೇಜಿನ ಮೇಲೆ ಧೂಳು ಬೀಳುವುದು ನಿಂತುಹೋಯಿತು. ಇನ್ನೊಂದು ಸೀರೆ ತರಬಹುದಲ್ಲ ಎಂದು ಒಮ್ಮೆ ಕೇಳಿದೆ, ಏನೂ ಅರಿಯದವಳ ಹಾಗೆ. ಅವರು ಸೀಮೆಸುಣ್ಣವನ್ನು ಎರಡು ಬೆರಳಲ್ಲಿ ಹೊರಳಿಸುತ್ತ ಹೇಳಿದರು: "ಇಲ್ಲ ಟೀಚರ್. ನಾನ್ ಆ ಮಗೂಗೆ ಬಟ್ಟೆ ಹಿಂದೆ ಮಾತಾಡಾದ್ ಕಲ್ಸುದೆ. ಬಟ್ಟೆ ಇಲ್ದೆ ಮಾತಾಡಾದ್ ಕಲಸ್ಲಿಲ್ಲ. ನನ್ ಆಟದ ಚಪಲಕ್ಕೆ ಅದ್ರ ಬಾಯ್ನ ಒಂದ್ ಸೀರೆಗೆ ಕಟ್ಟಾಕ್ಬುಟ್ಟೆ."

ಆಗಲಾದರೂ ಹೇಳಬಹುದಿತ್ತು. ಅದು ಯಾವುದೋ ಬಟ್ಟೆಯಲ್ಲ ಸಾರ್, ಆಚೆಯದು ಕಾಣುವ ಬಟ್ಟೆ, ನಾನು ತಂದದ್ದು ಏನೂ ಕಾಣದ ದಪ್ಪ ಬಟ್ಟೆ, ನಿಮ್ಮ ವಿದ್ಯೆಯಲ್ಲಿ ತಪ್ಪಿರಲಿಲ್ಲ ಎಂದು. ಹೇಳಲಿಲ್ಲ. ಬೆಲ್ಲು ಹೊಡೆಯಿತು, ನನ್ನ ಕೋಣೆಗೆ ಹೋದೆ. ನಾಲ್ಕು ವರ್ಷ ಬಿಟ್ಟು ಅವರು ರಿಟೈರಾದರು. ಬೀಳ್ಕೊಡುಗೆಯ ದಿನ ಒಂದು ಹೆಜ್ಜೆ ಹಾಕಿ ಎಂದು ಮಕ್ಕಳು ಕೇಳಿದರು. ಮಂಡಿನೋವು ಎಂದರು. ಅವರ ಮಂಡಿ ಚೆನ್ನಾಗಿತ್ತು.

ಮೇಷ್ಟ್ರು ಹೋದ ಹನ್ನೊಂದನೇ ದಿನದ ಕಾರ್ಯಕ್ಕೆ ಸೀರೆಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಹೋದೆ. ಅವರ ಹೆಂಡತಿಯ ಕೈಗೆ ಕೊಟ್ಟು ಹೇಳಿಬಿಡುವುದೆಂದು. ಆಕೆ ನನ್ನನ್ನು ಹತ್ತಿರ ಕೂರಿಸಿಕೊಂಡು, "ನಿಮ್ ಸುದ್ದಿ ಭಾಳ ಹೇಳೋರು ಟೀಚರಮ್ಮ. ನನ್ ಧೂಳೆಲ್ಲ ಒರೆಸುದ್ಲು ಪುಣ್ಯಾತ್ಗಿತ್ತಿ ಅನ್ನೋರು" ಎಂದರು. ಆಮೇಲೆ ದನಿ ತಗ್ಗಿಸಿ, "ಒಂದೇ ಕೊರಗು ಅವ್ರ್ಗೆ. ಆ ಕೋಳಿ ಮಗೂದು. ಮೊನ್ನೆ ಮೊನ್ನೆನೂ ಅಂದ್ರು, ನಾನ್ ಅದ್ನ ಕೆಡಿಸ್ದೆ ಕಣೆ ಅಂತ" ಎಂದು ಅತ್ತರು. ಬ್ಯಾಗಿನ ಜಿಪ್ಪಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದೆ. ಯಾರೋ ಕರೆದರು, ಆಕೆ ಎದ್ದು ಹೋದರು.

ಒಳಕೋಣೆಯಲ್ಲಿ ಮೇಷ್ಟ್ರ ಫೋಟೋ ಇಟ್ಟು ದೀಪ ಹಚ್ಚಿದ್ದರು. ಅಲ್ಲಿ ಯಾರೂ ಇರಲಿಲ್ಲ. ಅವರ ಮುಂದಾದರೂ ಇಟ್ಟು ಬರೋಣವೆಂದು ಹೋಗಿ ಸೀರೆಯನ್ನು ಹೊರಗೆ ತೆಗೆದೆ. ಬಾಗಿಲಲ್ಲಿ ನೆರಳಾಯಿತು. ಫ್ಯಾಕ್ಟರಿಯ ನೀಲಿ ಕೋಟು ಹಾಕಿಕೊಂಡ, ಇಪ್ಪತ್ತರ ಸುಮಾರಿನ ಹುಡುಗಿ. ಶಿಫ್ಟಿಗೆ ಹೋಗುವ ದಾರಿಯಲ್ಲಿ ಬಂದಿರಬೇಕು. ಮುಖದಿಂದ ಗುರುತು ಸಿಗಲಿಲ್ಲ. ಅವಳು ನನ್ನ ಕೈಯಲ್ಲಿದ್ದ ಸೀರೆಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಹತ್ತಿರ ಬಂದು ಒಂದು ತುದಿ ಹಿಡಿದುಕೊಂಡು, ಎಷ್ಟು ದೂರ ಸರಿಯಬೇಕೋ ಅಷ್ಟೇ ದೂರ ಸರಿದು, ಎದೆಯ ಎತ್ತರಕ್ಕೆ ಎತ್ತಿ ನಿಂತಳು. ಎರಡು ತಿಂಗಳು ಹಾಗೆಯೇ ನಿಂತವಳಲ್ಲವೇ.

ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ನಾನೂ ಎತ್ತಿದೆ. ಸೀರೆ ಫೋಟೋಗೆ ಅಡ್ಡವಾಯಿತು. ಆಗ ಮೊದಲ ಸಲ ನಾನು ಅದರೊಳಗಿಂದ ನೋಡಿದೆ. ದೀಪ ಕಾಣುತ್ತಿತ್ತು, ಬತ್ತಿಯ ಕುಡಿ ಸಹಿತ. ಊದುಬತ್ತಿಯ ಹೊಗೆಯೂ ಕಾಣುತ್ತಿತ್ತು.

ಯಶೋದ ನನ್ನ ಕಡೆ ತಿರುಗಿ ಕಾದಳು. ಕೇಳಬೇಕಾದ ಮಾತು ಒಂದೇ, ಮೇಷ್ಟ್ರ ಆ ಎರಡು ಪದದ್ದು. ಕೇಳಲು ಬಾಯಿ ಇದ್ದವಳು ನಾನೊಬ್ಬಳೇ. ತುಟಿ ತೆರೆದೆ. ಮಾತು ಹೊರಡಲಿಲ್ಲ.

ಆಮೇಲೆ ಅವಳೇ ಮೂಲೆಗೆ ಮೂಲೆ ಸೇರಿಸಿಕೊಂಡು ಹತ್ತಿರ ಬಂದಳು. ನಾನೂ ಮೂಲೆ ಕೂಡಿಸಿದೆ. ಮಡಿಸಿದ್ದನ್ನು ನನ್ನ ಎರಡು ಕೈಯ ಮೇಲೆ ಇಟ್ಟು, ಫೋಟೋಗೆ ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಅಂಗಳದಲ್ಲಿ ಅವಳ ಹೆಜ್ಜೆ ಕೇಳಿಸಿತು, ಎಲ್ಲರ ಹೆಜ್ಜೆಯ ಹಾಗೆ.

ಸೀರೆಯನ್ನು ವಾಪಸು ತಂದಿದ್ದೇನೆ. ಅದರಲ್ಲೀಗ ಊದುಬತ್ತಿಯ ವಾಸನೆಯಿದೆ, ಅವಳು ಹಿಡಿದಿದ್ದ ತುದಿಯಲ್ಲಿ ಮೆಷಿನ್ನಿನ ಎಣ್ಣೆಯ ಕಪ್ಪು ಹೆಬ್ಬೆಟ್ಟಿನ ಗುರುತು ಬಿದ್ದಿದೆ. ತೊಳೆದಿಲ್ಲ.